ಟ್ಯೂಡರ್ ರಾಣಿಯರ ಧಾರಾವಾಹಿಗೆ ಒಂದು ಹಾಳೆ ಸಾಕು

ದಾವಣಗೆರೆಯಲ್ಲಿ ಗೆಳೆಯರೆಲ್ಲ ಸೇರಿ ಇಂಗ್ಲೆಂಡಿನ ಟ್ಯೂಡರ್ ರಾಜಮನೆತನದ ಧಾರಾವಾಹಿ ನೋಡುವುದಾದರೆ, ಮಂಡಕ್ಕಿ-ಮಿರ್ಚಿ ಬರುವುದರೊಳಗೆ ದೊರೆ ಎಂಟನೇ ಹೆನ್ರಿಯ ಆರು ರಾಣಿಯರನ್ನು ಹಾಳೆಯಲ್ಲಿ ಕ್ರಮವಾಗಿ ಬರೆದಿಡಿ. ಮೂವರು ಕ್ಯಾಥರೀನ್, ಇಬ್ಬರು ಆನ್, ಒಬ್ಬಳು ಜೇನ್. ಗೊಂದಲ ಹುಟ್ಟುವುದೇ ಇಲ್ಲಿ. ಹಾಗಾಗಿ ಅರಗಾನ್, ಬೊಲಿನ್, ಸೀಮೋರ್, ಕ್ಲೀವ್ಸ್, ಹೋವರ್ಡ್, ಪಾರ್ ಎಂದೇ ಗುರುತಿಸಿ. ಪಕ್ಕದಲ್ಲಿ ಮದುವೆಯ ಇಸವಿ: 1509, 1533, 1536, 1540, ಮತ್ತೆ 1540, 1543. ಕಥೆ ವರ್ಷಗಳನ್ನು ಹಾರಿಸಿದರೆ ತಕ್ಷಣ ಸಿಕ್ಕಿಬೀಳುತ್ತದೆ.

ಪಾತ್ರಗಳನ್ನೂ ಅನುಮಾನಿಸಿ. 2007ರಲ್ಲಿ ಶುರುವಾದ ‘ದಿ ಟ್ಯೂಡರ್ಸ್’ ಹೆನ್ರಿಯ ಅಕ್ಕ ಮಾರ್ಗರೆಟ್, ತಂಗಿ ಮೇರಿ ಇಬ್ಬರನ್ನೂ ಒಬ್ಬಳಾಗಿಸಿ ಪೋರ್ಚುಗಲ್ ದೊರೆಗೆ ಕೊಟ್ಟುಬಿಟ್ಟಿತು! ನಿಜಕ್ಕೂ ಅಕ್ಕನನ್ನು ಕೊಟ್ಟದ್ದು ಸ್ಕಾಟ್ಲೆಂಡಿಗೆ, ತಂಗಿಯನ್ನು ಫ್ರಾನ್ಸಿಗೆ. ಹೆನ್ರಿಯ ಮಗಳು ಒಂದನೇ ಎಲಿಜಬೆತ್ ಮತ್ತು ಸ್ಕಾಟ್ಲೆಂಡಿನ ರಾಣಿ ಮೇರಿ ಎದುರುಬದುರು ನಿಂತ ದೃಶ್ಯ ಬಂದರೆ ‘ಕಲ್ಪನೆ’ ಎಂದು ಗುರುತು ಹಾಕಿ. ಅವರಿಬ್ಬರೂ ಭೇಟಿಯಾಗಲೇ ಇಲ್ಲ.