ಮಲೇರಿಯಾ ಬಿಟ್ಟ ಮೇಲೆ ಬಂದ 6.2

ನಾನು ಉಡುಪಿಯ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ಊರವರ ರಕ್ತ ತೆಗೆಯಲು ಶುರು ಮಾಡಿ ಹತ್ತೊಂಬತ್ತು ವರ್ಷ ಆಯಿತು, ನನಗೇ ಶುಗರ್ ಬಂದು ಆರು ವರ್ಷ. ಮೂರು ತಿಂಗಳಿಗೊಮ್ಮೆ ಕುರ್ಚಿಯ ಆ ಬದಿ ಕೂತು ಕೈ ಚಾಚುತ್ತೇನೆ. ನೇರಳೆ ಮುಚ್ಚಳದ ಟ್ಯೂಬಿಗೆ ಎರಡು ಎಂಎಲ್ ರಕ್ತ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿಗೆ.

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಅದು 7.4 ಇತ್ತು. ಆಟಿ ತಿಂಗಳ ಮಳೆಗಾಲದಲ್ಲಿ ಮಂಗಳೂರಿನ ಅಕ್ಕನ ಮನೆಯಲ್ಲಿ ವಾರ ಇದ್ದು ಬಂದೆ. ಆಮೇಲೆ ದಿನ ಬಿಟ್ಟು ದಿನ ಚಳಿಜ್ವರ. ಸ್ಲೈಡ್ ನಾನೇ ನೋಡಿದೆ, ವೈವ್ಯಾಕ್ಸ್ ಮಲೇರಿಯಾ. ಮಾತ್ರೆ ಮುಗಿಯುವಷ್ಟರಲ್ಲಿ ಹಿಮೋಗ್ಲೋಬಿನ್ 14ರಿಂದ 10.6ಕ್ಕೆ ಇಳಿದಿತ್ತು. ಸೆಪ್ಟೆಂಬರಿನಲ್ಲಿ ಎಚ್‌ಬಿಎ1ಸಿ ಮಾಡಿಸಿದರೆ 6.2!

ಮನೆಯಲ್ಲಿ ಆ ಸಂಜೆ ಗೋಳಿಬಜೆ. ಆರು ತಿಂದೆ, ಸುಳ್ಳು ಯಾಕೆ ಹೇಳಲಿ. ಎರಡು ಗಂಟೆ ಬಿಟ್ಟು ಗ್ಲುಕೋಮೀಟರ್ ಹಚ್ಚಿದರೆ 212. ಕೈ ತೊಳೆದು ಮತ್ತೆ ನೋಡಿದೆ, 208. (ಕೈ ತೊಳೆಯುವುದು ಸುಮ್ನೆ ಶಾಸ್ತ್ರಕ್ಕಲ್ಲ. ಒಮ್ಮೆ ಹಲಸಿನ ಹಣ್ಣು ಬಿಡಿಸಿದ ಕೈಯಲ್ಲೇ ಚುಚ್ಚಿಕೊಂಡು 340 ನೋಡಿ ಬೆವತುಹೋಗಿದ್ದೆ. ತೊಳೆದ ಮೇಲೆ 151. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು, ನೀರೇ ಬೇಕು.)

ಗೋಳಿಬಜೆಯ ಮೇಲೆ ತಪ್ಪು ಹೊರಿಸಿ ಬಿಡಬಹುದಿತ್ತು. ಆದರೆ ಎರಡು ವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕುಚ್ಚಲಕ್ಕಿ ಊಟದ ಮೇಲೆ, ರಾತ್ರಿ ಮಲಗುವಾಗ ಬರೆದಿಟ್ಟು ನೋಡಿದೆ. ಸರಾಸರಿ 170ರ ಆಚೀಚೆ. ಎಚ್‌ಬಿಎ1ಸಿ 6.2 ಅಂದರೆ ಸರಾಸರಿ ಸಕ್ಕರೆ ಸುಮಾರು 131 ಇರಬೇಕು. 7 ಇದ್ದರೆ 154. ಎಲ್ಲಿಯ 131, ಎಲ್ಲಿಯ 170?

ಆಗ ಮಂಡೆಗೆ ಹೊಳೆಯಿತು. ರಕ್ತದ ಸಕ್ಕರೆ ಕೆಂಪುಕಣದ ಒಳಗಿನ ಹಿಮೋಗ್ಲೋಬಿನ್‌ಗೆ ನಿಧಾನಕ್ಕೆ ಅಂಟುತ್ತಾ ಹೋಗುತ್ತದೆ. ಕಣದ ಆಯಸ್ಸು ಸುಮಾರು 120 ದಿನ, ಹಾಗಾಗಿಯೇ ಈ ಟೆಸ್ಟ್ ಎರಡು ಮೂರು ತಿಂಗಳ ಲೆಕ್ಕ ಕೊಡುವುದು. ಮಲೇರಿಯಾ ನನ್ನ ಹಳೇ ಕಣಗಳನ್ನು ಒಡೆದು ಹಾಕಿತ್ತು. ಟ್ಯೂಬಿನಲ್ಲಿ ಇದ್ದದ್ದು ಜಾಸ್ತಿ ಹೊಸ ಕಣ, ಅದಕ್ಕೆ ಸಕ್ಕರೆ ಅಂಟಲು ದಿನವೇ ಸಿಕ್ಕಿರಲಿಲ್ಲ. ಮೆಷಿನ್ ತಪ್ಪು ಹೇಳಲಿಲ್ಲ, ನಾನು ಓದಿದ್ದು ತಪ್ಪು. ಅಷ್ಟು ವರ್ಷ ಇದೇ ಕೆಲಸ ಮಾಡಿದವನಿಗೆ ನಾಚಿಕೆ ಆಗಬೇಕಲ್ವಾ? ಆಯಿತು.

ಡಾಕ್ಟರಿಗೆ ಶುಗರ್ ಬರೆದಿಟ್ಟ ಪುಸ್ತಕ ತೋರಿಸಿದೆ. ಅವರು ಫ್ರಕ್ಟೋಸಮೀನ್ ಎಂಬ ಟೆಸ್ಟ್ ಬರೆದುಕೊಟ್ಟರು. ಇದು ಸಕ್ಕರೆ ಅಂಟಿದ ರಕ್ತದ ಪ್ರೋಟೀನನ್ನು ಅಳೆಯುತ್ತದೆ, ಮುಖ್ಯವಾಗಿ ಆಲ್ಬುಮಿನ್. ಕೆಂಪುಕಣದ ಗೊಡವೆ ಇಲ್ಲ, ಹಿಂದಿನ ಎರಡು ಮೂರು ವಾರದ ಲೆಕ್ಕ ಮಾತ್ರ. ನಮ್ಮಲ್ಲಿ ಮಾಡುವುದಿಲ್ಲ, ಹೊರಗೆ ಕಳಿಸಬೇಕು. ಬಂತು 340. ಸಾಮಾನ್ಯವಾಗಿ 285ರ ಒಳಗೆ ಇರಬೇಕು. ಕಿಡ್ನಿ ಅಥವಾ ಲಿವರ್ ತೊಂದರೆಯಿಂದ ಆಲ್ಬುಮಿನ್ ಕಡಿಮೆ ಆದವರಿಗೆ ಈ ಟೆಸ್ಟೂ ಕೈ ಕೊಡುತ್ತದೆ. ನನ್ನ ಆಲ್ಬುಮಿನ್ ಸರಿ ಇತ್ತು, ನಂಬಲೇಬೇಕಾಯಿತು. ಶುಗರಿನ ಮಾತ್ರೆಯ ಡೋಸ್ ಏರಿತು.

ಆಮೇಲೆ ಇದರ ತಲೆಕೆಳಗಿನದೂ ಕಣ್ಣಿಗೆ ಬಿತ್ತು. ಮಲ್ಪೆಯಲ್ಲಿ ಮೀನು ಮಾರುವ ಒಬ್ಬರು ಅಕ್ಕ, ಎಚ್‌ಬಿಎ1ಸಿ 7.9. "ಎಂಥದ್ದು ಮಾರಾಯ್ರೆ, ಚಾಕ್ಕೂ ಸಕ್ಕರೆ ಬಿಟ್ಟಿದ್ದೇನೆ, ಹೊಟ್ಟೆಗೆ ಇಷ್ಟೇ ಇಷ್ಟು ಗಂಜಿ" ಎಂದು ಅಂಗೈ ಒಡ್ಡಿ ತೋರಿಸಿದರು. ಅಂಗೈ ಬಿಳಿಚಿಕೊಂಡಿತ್ತು. ಖಾಲಿ ಹೊಟ್ಟೆಯ ಶುಗರ್ 108, ಊಟದ ಮೇಲೆ 146. ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತ ಇಳಿದಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಮೇಲೆ ತೋರಿಸುವುದುಂಟು. "ಅಕ್ಕ, ಡಾಕ್ಟ್ರ ಹತ್ರ ಹಿಮೋಗ್ಲೋಬಿನ್ ಕೇಳಿ" ಎಂದೆ. ಮಾಡಿಸಿದರು, 7.8.

ಅವರಿಗೆ ಕಬ್ಬಿಣದ ಮಾತ್ರೆ ಶುರುವಾಯಿತು, ಶುಗರಿನ ಮಾತ್ರೆ ಇದ್ದಷ್ಟೇ ಇತ್ತು. ನಾಲ್ಕು ತಿಂಗಳು ಬಿಟ್ಟು ಬಂದಾಗ ಹಿಮೋಗ್ಲೋಬಿನ್ 11.2, ಎಚ್‌ಬಿಎ1ಸಿ 6.8. ರಿಪೋರ್ಟ್ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ನಿಮ್ಮದೆಷ್ಟು ಈಗ?" ಎಂದು ಕೇಳಿದರು.

"7.1 ಅಕ್ಕ."

"ನನಗಿಂತ ಜಾಸ್ತಿ!" ಎಂದು ನಗುತ್ತಾ ಬುಟ್ಟಿ ಎತ್ತಿಕೊಂಡು ಹೋದರು.