ಮೊದಲು ಹತ್ತಲು ಹಣ ಕೊಟ್ಟೆ, ಕೊನೆಗೆ ಹತ್ತುವುದನ್ನು ಕಲಿತೆ

ಕಳೆದ ದೀಪಾವಳಿಗೆ ದೆಹಲಿಯಿಂದ ಬೆಂಗಳೂರಿಗೆ ಬರುವಾಗ, ನಾನು ಮಕ್ಕಳಿಬ್ಬರನ್ನೂ ಕರೆದುಕೊಂಡು ವಿಮಾನದೊಳಗೆ ಕಾಲಿಡುವ ಹೊತ್ತಿಗೆ ನಮ್ಮ ಹಿಂದೆ ಮೂವರೋ ನಾಲ್ವರೋ ಪ್ರಯಾಣಿಕರು ಮಾತ್ರ ಉಳಿದಿದ್ದರು. ನಮ್ಮವರು ಬಹಳ ಮೊದಲೇ ಹತ್ತಿ, ಚೀಲಗಳನ್ನು ನಮ್ಮ ಸಾಲಿನ ಮೇಲಿನ ಗೂಡಿಗೇ ಸೇರಿಸಿ, ಮಕ್ಕಳ ಸೀಟ್ ಬೆಲ್ಟುಗಳನ್ನು ಸರಿಯಾದ ಅಳತೆಗೆ ಎಳೆದಿಟ್ಟು ಕಾಯುತ್ತಿದ್ದರು. ನಾವು ಕುಳಿತ ಕಾಲು ಗಂಟೆಯೊಳಗೆ ವಿಮಾನ ಹಿಂದಕ್ಕೆ ಸರಿಯಿತು. ಚಿಕ್ಕವನು ಅಳಲಿಲ್ಲ, ಮುಂದಿನ ಆಸನಕ್ಕೆ ಒದೆಯಲಿಲ್ಲ. ಇದೇ ಕ್ರಮದಲ್ಲಿ ಇದು ನಮ್ಮ ಎಂಟನೆಯದೋ ಒಂಬತ್ತನೆಯದೋ ಪ್ರಯಾಣವಾಗಿದ್ದರಿಂದ, ಇನ್ನು ಇದನ್ನು ಅದೃಷ್ಟವೆಂದು ಯಾರೂ ತಳ್ಳಿಹಾಕಲಾರರು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಬೇಗ ಹತ್ತಲು ಹಣ ಕೊಡುವುದು ಬೇಡ, ಮಕ್ಕಳೊಂದಿಗೆ ನಾನು ಕೊನೆಗೆ ಹತ್ತುತ್ತೇನೆ ಎಂದು ಮೊದಲ ಬಾರಿ ಹೇಳಿದಾಗ ಮನೆಯಲ್ಲಿ ಒಬ್ಬರೂ ಒಪ್ಪಿರಲಿಲ್ಲ. ನಾವಿರುವುದು ದೆಹಲಿಯಲ್ಲಿ, ನನ್ನ ತವರು ಬೆಂಗಳೂರು, ಅತ್ತೆಯವರ ಮನೆ ಧಾರವಾಡ. ಕೆಲಸದ ಮೇಲೆ ತಿಂಗಳಿಗೆ ನಾಲ್ಕಾರು ಬಾರಿ ವಿಮಾನ ಹತ್ತುವ ಭಾವನವರು, “ಏನವಾ, ನಾಕನೂರು ರೂಪಾಯಿ ಉಳಸಾಕಂತ ಹುಡುಗರನ್ನ ಎಲ್ಲಾರ ಹಿಂದ ನಿಂದರಸ್ತೀ ಏನ?” ಎಂದು ಎಲ್ಲರೆದುರು ಕೇಳಿದ್ದರು. ಅತ್ತೆಯವರ ಚಿಂತೆ ಇನ್ನೂ ನೇರವಾಗಿತ್ತು: “ವಿಮಾನ ಬಿಟ್ಟಹೋತಂದ್ರ ಏನ ಮಾಡ್ತೀರಿ?” ಆ ಪ್ರಶ್ನೆಯಲ್ಲಿ ಹುರುಳಿಲ್ಲದಿರಲಿಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಮೊದಲು ಹಣದ ಲೆಕ್ಕ. ಚಿಕ್ಕವನು ಹುಟ್ಟಿದ ಮೇಲೆ, ಅಂದರೆ 2022 ಮತ್ತು 2023ರಲ್ಲಿ, ಬೇಗ ಹತ್ತುವ ಸೌಲಭ್ಯಕ್ಕೆಂದು ಆರು ಬಾರಿ ಹಣ ಕೊಟ್ಟಿದ್ದೇನೆ. ಅವನು ಮಡಿಲ ಕೂಸಾಗಿದ್ದಾಗ ಮೂವರಿಗೆ, ಎರಡು ತುಂಬಿ ಅವನಿಗೂ ಆಸನ ಬಂದ ಮೇಲೆ ನಾಲ್ವರಿಗೆ, ತಲೆಗೆ ಸುಮಾರು 400ರಿಂದ 500 ರೂಪಾಯಿಯಂತೆ. ರಸೀದಿಗಳನ್ನು ಇಟ್ಟುಕೊಂಡಿಲ್ಲ, ಆದರೆ ಒಟ್ಟು 9–10 ಸಾವಿರಕ್ಕೆ ಕಡಿಮೆಯಿಲ್ಲ. ಈ ಆರರಲ್ಲಿ ಕೊಟ್ಟ ಹಣಕ್ಕೆ ಬೆಲೆ ಸಿಕ್ಕಿದ್ದು ಒಂದೇ ಬಾರಿ ಎನ್ನಬಹುದು, ಅದೂ ಅರ್ಧಂಬರ್ಧ.

ಎರಡು ಬಾರಿಯಂತೂ ಗೇಟಿನಿಂದ ವಿಮಾನದವರೆಗೆ ಕರೆದೊಯ್ಯುವ ಬಸ್ಸು ನಮ್ಮ ಹಣವನ್ನು ನುಂಗಿಹಾಕಿತು. ಗೇಟಿನಲ್ಲಿ ಎಲ್ಲರಿಗಿಂತ ಮೊದಲು ನಮ್ಮ ಬೋರ್ಡಿಂಗ್ ಪಾಸ್ ನೋಡಿ ಒಳಗೆ ಬಿಟ್ಟರು. ಸಾಲಿನಲ್ಲಿ ನಿಂತವರ ಕಣ್ಣೆದುರು ಕುತ್ತಿಗೆ ನೇರ ಮಾಡಿಕೊಂಡು ನಡೆದು ಹೊರಗೆ ಬಂದರೆ, ಎದುರಿಗೆ ಖಾಲಿ ಬಸ್ಸು. ಖಾಲಿ ಬಸ್ಸಿಗೆ ಮೊದಲು ಹತ್ತಿದವರು ಎಲ್ಲಿಗೆ ಹೋಗುತ್ತಾರೆ? ಆಚೆಬದಿಯ ಗಾಜಿನವರೆಗೆ ಹೋಗುತ್ತಾರೆ. ಬಸ್ಸು ತುಂಬುವವರೆಗೆ, ನನ್ನ ನೆನಪಿನಲ್ಲಿ ಒಂದು ಹದಿನೆಂಟು ನಿಮಿಷ, ಬಿಸಿಲಿಗೆ ಕಾದ ಗಾಜಿಗೆ ಚಿಕ್ಕವನ ಕೆನ್ನೆ ಒತ್ತಿಕೊಂಡೇ ಇತ್ತು. ಮಗಳು ನನ್ನ ದುಪಟ್ಟಾದ ತುದಿ ಹಿಡಿದುಕೊಂಡು ಅಪರಿಚಿತರ ಸೊಂಟಗಳ ನಡುವೆ ನಿಂತಿದ್ದಳು. ವಿಮಾನದ ಬಳಿ ಬಾಗಿಲು ತೆರೆದಾಗ, ಕೊನೆಗೆ ಓಡೋಡಿ ಬಂದು ಬಾಗಿಲ ಬಳಿಯೇ ನಿಂತಿದ್ದ ಕಾಲೇಜು ಹುಡುಗರು ಮೊದಲು ಇಳಿದು ಮೊದಲು ಮೆಟ್ಟಿಲು ಹತ್ತಿದರು. ಹಣ ಕೊಟ್ಟು ಮೊದಲಿಗರಾದ ನಾವು ಆ ಬಸ್ಸಿನಿಂದ ಕೊನೆಯವರಾಗಿ ಇಳಿದೆವು.

ಗೇಟಿನಿಂದ ನೇರವಾಗಿ ವಿಮಾನದ ಬಾಗಿಲಿಗೆ ಸೇರಿಸುವ ಏರೋಬ್ರಿಡ್ಜ್ ಇದ್ದ ದಿನಗಳಲ್ಲಿ ಹಣ ಕೊಟ್ಟಂತೆಯೇ ಮೊದಲು ಒಳಗೆ ಹೋದೆವು, ಅದು ಸುಳ್ಳಲ್ಲ. ಆದರೆ ಎರಡು ವರ್ಷದ ಮಗುವನ್ನು ನಿಂತ ವಿಮಾನದೊಳಗೆ ಮುಕ್ಕಾಲು ಗಂಟೆ ಮೊದಲೇ ಕೂರಿಸುವುದರಿಂದ ಏನು ಲಾಭವೆಂದು ನಾವು ಯಾರೂ ಮೊದಲು ಕೇಳಿಕೊಂಡಿರಲಿಲ್ಲ. ಬೆಲ್ಟಿನ ಕೊಂಡಿಯನ್ನು ಟಕ್ಕೆಂದು ಹಾಕುವುದು, ತೆಗೆಯುವುದು. ತಟ್ಟೆಯನ್ನು ಬಿಚ್ಚುವುದು, ಮುಚ್ಚುವುದು. ಮುಂದಿನವರು ಮೊದಲ ಬಾರಿ ನಕ್ಕು ತಿರುಗಿದರು, ಮೂರನೆಯ ಬಾರಿ ನಗದೆ ತಿರುಗಿದರು. ವಿಮಾನ ಓಡಲಾರಂಭಿಸುವ ಮೊದಲೇ ತಂದ ಆಟಿಕೆಗಳೆಲ್ಲ ಹಳತಾಗಿದ್ದವು, ಅವಲಕ್ಕಿಯ ಡಬ್ಬಿ ಖಾಲಿಯಾಗಿತ್ತು. ದೆಹಲಿಯಲ್ಲಿ ರನ್‌ವೇಗೆ ಹೋಗಿ ನಿಲ್ಲುವುದೇ ಕೆಲವೊಮ್ಮೆ ಇಪ್ಪತ್ತು ನಿಮಿಷವಾಗುತ್ತದೆ, ಆಮೇಲೆ ಎರಡೂ ಮುಕ್ಕಾಲು ಗಂಟೆಯ ಹಾರಾಟ ಬಾಕಿಯಿರುತ್ತದೆ ಎಂಬುದನ್ನು ಈ ದಾರಿಯಲ್ಲಿ ಓಡಾಡುವವರಿಗೆ ನಾನು ಹೇಳಬೇಕಿಲ್ಲ.

ಆಗ ನಾನು ಕೇಳಿಕೊಂಡದ್ದು, ಈ ಹಣಕ್ಕೆ ನಿಜವಾಗಿ ಸಿಗುವುದೇನು ಎಂದು. ನಮ್ಮಲ್ಲಿ ಆಸನದ ಸಂಖ್ಯೆ ಮೊದಲೇ ನಿಗದಿಯಾಗಿರುವುದರಿಂದ ಬೇಗ ಹತ್ತಿದವರಿಗೆ ಒಳ್ಳೆಯ ಆಸನ ಸಿಗುತ್ತದೆ ಎಂಬ ಮಾತೇ ಇಲ್ಲ. ಮಕ್ಕಳು ಬೇರೆ ಬೇರೆ ಸಾಲಿಗೆ ಹೋದಾರು ಎಂಬ ಹಳೆಯ ಭಯಕ್ಕೂ 2024ರ ಏಪ್ರಿಲ್‌ನಲ್ಲಿ ವಿಮಾನಯಾನದ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ಒಂದು ಮದ್ದು ಕೊಟ್ಟಿತು: ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ, ಪ್ರಯಾಣಿಸುವ 12 ವರ್ಷದವರೆಗಿನ ಮಕ್ಕಳಿಗೆ ತಂದೆತಾಯಿ ಅಥವಾ ಪೋಷಕರಲ್ಲಿ ಕನಿಷ್ಠ ಒಬ್ಬರ ಪಕ್ಕದಲ್ಲಿ ಆಸನ ಕೊಡಬೇಕೆಂದು ವಿಮಾನ ಸಂಸ್ಥೆಗಳಿಗೆ ಸೂಚಿಸಿತು. ಕೈಕೂಸು ಇರುವವರನ್ನಂತೂ ಬಹುತೇಕ ಗೇಟುಗಳಲ್ಲಿ ಹಣವಿಲ್ಲದೆಯೇ ಮೊದಲು ಕರೆಯುತ್ತಾರೆ. ಹಾಗಾದರೆ ಉಳಿಯುವುದು ತಲೆಯ ಮೇಲಿನ ಗೂಡಿನಲ್ಲಿ ಚೀಲಕ್ಕೊಂದು ಜಾಗ, ಅಷ್ಟೇ. ಚೀಲಕ್ಕೆ ಜಾಗ ಹಿಡಿಯಲು ಒಬ್ಬ ದೊಡ್ಡವರು ಸಾಕು, ಮಕ್ಕಳು ಬೇಕಿಲ್ಲ. ಹೀಗೆ ಹುಟ್ಟಿದ್ದು ನಮ್ಮ ಕ್ರಮ: ಚೀಲಗಳೊಂದಿಗೆ ಒಬ್ಬರು ಮೊದಲು, ಮಕ್ಕಳೊಂದಿಗೆ ಇನ್ನೊಬ್ಬರು ಕೊನೆಗೆ.

ಹೇಳುವುದಕ್ಕೆ ಸುಲಭವಾದ ಈ ಕ್ರಮ ಸರಿಹೋಗಲು ನಾಲ್ಕು ಪ್ರಯಾಣಗಳೇ ಬೇಕಾದವು. ಮೊದಲ ಸಲ ನಾಲ್ಕು ಕ್ಯಾಬಿನ್ ಚೀಲಗಳನ್ನೂ ನಮ್ಮವರ ಕೈಗೆ ಕೊಟ್ಟು ಕಳುಹಿಸಿದೆ. ಒಬ್ಬರಿಗೆ ಒಂದು ಚೀಲ, ಅದೂ 7 ಕೆಜಿ ಎಂಬ ನಿಯಮ ನನಗೆ ತಿಳಿಯದ್ದೇನಲ್ಲ, ನಾಲ್ವರಿಗೆ ನಾಲ್ಕು ಎಂದು ಮನಸ್ಸಿನಲ್ಲೇ ಭಾಗಿಸಿಕೊಂಡಿದ್ದೆ. ಗೇಟಿನಲ್ಲಿದ್ದವರಿಗೆ ಕಂಡದ್ದು ನಾಲ್ಕು ಚೀಲ ಹೊತ್ತ ಒಬ್ಬ ಮನುಷ್ಯ. ಅವರನ್ನು ಪಕ್ಕಕ್ಕೆ ನಿಲ್ಲಿಸಿದರು, ನಾನು ಮಕ್ಕಳನ್ನು ಎಳೆದುಕೊಂಡು ಹೋಗಿ ವಿವರಿಸುವಷ್ಟರಲ್ಲಿ ಸಾಲು ಅರ್ಧ ಮುಗಿದಿತ್ತು. ಎರಡನೆಯ ಸಲ ಚೀಲಗಳನ್ನು ಎರಡಕ್ಕೆ ಇಳಿಸಿದೆ. ಅವರು ಒಳಗೆ ಹೋದ ಮೇಲೆ ಚಿಕ್ಕವನು ಹಾಲು ಕೇಳಿದ. ಹಾಲಿನ ಬಾಟಲಿ ಅವರೊಂದಿಗೆ ವಿಮಾನದೊಳಗಿತ್ತು. ಒಮ್ಮೆ ಪಾಸ್ ತೋರಿಸಿ ಒಳಗೆ ಹೋದವರು ಹೊರಗೆ ಬರುವಂತಿಲ್ಲ. ಆ ಇಪ್ಪತ್ತೈದು ನಿಮಿಷಗಳನ್ನು ನಾನು ವಿವರಿಸುವುದಿಲ್ಲ. ಅಂದಿನಿಂದ ಒಂದು ಸಣ್ಣ ಬಟ್ಟೆಚೀಲ ನನ್ನ ಹೆಗಲಿನಲ್ಲೇ ಇರುತ್ತದೆ: ಹಾಲು, ಒಂದು ಜೊತೆ ಚಡ್ಡಿ, ಒದ್ದೆ ಟಿಶ್ಯೂ, ಮೂವರ ಪಾಸ್‌ಗಳು, ನಾಲ್ಕು ಕೋಡುಬಳೆ.

ಮೂರನೆಯ ಸಲ ಅತ್ತೆಯವರ ಮಾತು ನಿಜವಾಗುವುದರಲ್ಲಿತ್ತು. ಹೊರಡುವ ವೇಳೆಗೆ ಸಾಮಾನ್ಯವಾಗಿ 20–25 ನಿಮಿಷ ಮೊದಲು ಗೇಟ್ ಮುಚ್ಚುತ್ತಾರೆ. ನಾನು ಸಾಲು ಕರಗುವುದನ್ನು ನೋಡುತ್ತ ನಿಶ್ಚಿಂತಳಾಗಿ ಕುಳಿತಿದ್ದಾಗ ಮಗಳು ಶೌಚಾಲಯಕ್ಕೆ ಹೋಗಬೇಕೆಂದಳು. ಹೋಗಿ ಬರುವಷ್ಟರಲ್ಲಿ ಧ್ವನಿವರ್ಧಕದಲ್ಲಿ ನಮ್ಮ ಹೆಸರುಗಳೇ ಕೇಳಿಬರುತ್ತಿದ್ದವು. ಒಳಗೆ ನಮ್ಮವರು ಬೆವರಿದ್ದರು. ತಪ್ಪು ಯಾರದೂ ಅಲ್ಲ, ನನ್ನದೇ. ಈಗ ಸಾಲನ್ನು ನೋಡಿ ಎದ್ದೇಳುವುದಿಲ್ಲ, ಗಡಿಯಾರವನ್ನು ನೋಡಿ ಏಳುತ್ತೇನೆ: ಗೇಟ್ ಮುಚ್ಚುವ ವೇಳೆಗೆ ಹತ್ತು ನಿಮಿಷ ಮೊದಲು, ಸಾಲು ಎಷ್ಟೇ ಉದ್ದವಿರಲಿ. ಶೌಚಾಲಯದ ಕೆಲಸ ಅದಕ್ಕೂ ಮೊದಲೇ, ಬೇಕೆಂದರೂ ಬೇಡವೆಂದರೂ, ಮುಗಿಯುತ್ತದೆ.

ಆಸನದ ವಿಷಯ ಕೈಗೆ ಬಂದದ್ದು ನಾಲ್ಕನೆಯ ಸಲ. ಸಾಲುಗಳ ಗುಂಪಿನಂತೆ ಕರೆಯುವಾಗ ಹಿಂದಿನ ಸಾಲಿನವರನ್ನು ಮೊದಲು ಕರೆಯುವುದು ರೂಢಿ. ಹಿಂದಿನ ಆಸನಗಳಿಗೇ ಶುಲ್ಕವೂ ಕಡಿಮೆ. ಅಂದರೆ ಮುಂದೆ ಕೂರಲು ಒಮ್ಮೆ, ಬೇಗ ಹತ್ತಲು ಇನ್ನೊಮ್ಮೆ ಹಣ ಕೊಡುವವರ ಕಣ್ಣೆದುರಿನಲ್ಲೇ, ಹಿಂದಿನ ಸಾಲು ಆರಿಸಿದ ನಮ್ಮವರು ಪುಕ್ಕಟೆಯಾಗಿ ಮೊದಲ ಗುಂಪಿನಲ್ಲಿ ಹೋಗುತ್ತಾರೆ. ಬಸ್ಸಿನಲ್ಲಿ ಕರೆದೊಯ್ದರೆ ಹಿಂದಿನ ಬಾಗಿಲಿಗೂ ಮೆಟ್ಟಿಲು ಇಡುವುದುಂಟು, ಅದೂ ನಮಗೇ ಹತ್ತಿರ. ಮೂರು–ಮೂರರ ಸಾಲಿನಲ್ಲಿ ಒಂದು ಬದಿಯ ಮೂರು, ನಡುದಾರಿಯ ಆಚೆ ಒಂದು. ನಾಲ್ಕಕ್ಕೆ ಸೇರಿ ಸುಮಾರು 800 ರೂಪಾಯಿ. ಮೊದಲು ಬರೀ ಬೇಗ ಹತ್ತುವುದಕ್ಕೇ 1,800ರವರೆಗೆ ಕೊಡುತ್ತಿದ್ದೆ. ಯಾವ ಸಾಲು ಎಂದು ಮಾತ್ರ ಇಲ್ಲಿ ಬರೆಯುವುದಿಲ್ಲ, ಬರೆದರೆ ಮುಂದಿನ ಸಲ ಅದು ನನಗೇ ಸಿಗಲಿಕ್ಕಿಲ್ಲ. ಇಬ್ಬರನ್ನೂ ಗೇಟಿನ ಬಳಿ ಅರ್ಧ ಗಂಟೆ ನಾನು ಹೇಗೆ ದಣಿಸುತ್ತೇನೆ ಎಂಬುದೂ ನನ್ನಲ್ಲೇ ಇರಲಿ. ಗೇಟು ಕೆಳಮಹಡಿಯಲ್ಲಿದ್ದರೆ ಸಾಮಾನ್ಯವಾಗಿ ಬಸ್ಸು ಎಂಬ ಸುಳಿವನ್ನಷ್ಟೇ ಕೊಡಬಲ್ಲೆ. ಅಂಥ ದಿನ ನಮ್ಮವರೂ ಅವಸರಪಡದೆ ಬಸ್ಸಿನ ಬಾಗಿಲ ಬಳಿಯೇ ನಿಲ್ಲುವಂತೆ ನೋಡಿಕೊಂಡು ಹತ್ತುತ್ತಾರೆ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದ್ದುಂಟು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಎಟಿಆರ್ ಎಂಬ ಚಿಕ್ಕ ವಿಮಾನದಲ್ಲಿ ಹೋಗುವಾಗ ಒಮ್ಮೆ ತಿಳಿಯದೆ ಹಣ ಕೊಟ್ಟೆ. ಆ ವಿಮಾನಕ್ಕೆ ಪ್ರಯಾಣಿಕರು ಹತ್ತುವ ಬಾಗಿಲು ಹಿಂಬದಿಯಲ್ಲಿದೆ, ಮುಂದಿನದು ಸಾಮಾನಿನ ಬಾಗಿಲು. ಮುಂದಿನ ಆಸನ ಕೊಂಡ ನಾವು ಇಡೀ ವಿಮಾನದ ಉದ್ದ ನಡೆದು ಹೋಗಿ ಕುಳಿತೆವು, ಇಳಿಯುವಾಗ ಎಲ್ಲರ ನಂತರ ಇಳಿದೆವು. ಮೇಲಿನ ಗೂಡುಗಳಂತೂ ನಮ್ಮ ಟ್ರಾಲಿ ಹಿಡಿಸದಷ್ಟು ಚಿಕ್ಕವು. ಹುಬ್ಬಳ್ಳಿಗೆ ಹೋಗುವವರು ಆ ಹಣದಲ್ಲಿ ಇಳಿದ ಮೇಲೆ ಪೇಢೆ ಕೊಳ್ಳುವುದು ಉತ್ತಮ.

ಚೀಲವೇ ಇಲ್ಲದಿದ್ದರೆ ಜಾಗದ ಚಿಂತೆಯೂ ಇಲ್ಲವಲ್ಲ ಎಂದು, ತಲೆಗೆ 15 ಕೆಜಿಯಂತೆ ನಾಲ್ವರ ಲೆಕ್ಕದಲ್ಲಿ ಎಲ್ಲವನ್ನೂ ಚೆಕ್-ಇನ್‌ಗೆ ಹಾಕಿಯೂ ನೋಡಿದೆ. ಹತ್ತುವುದು ಹಾಯಾಗಿತ್ತು. ಆದರೆ ಬೆಂಗಳೂರಿನಲ್ಲಿ ಇಳಿದು ಬೆಲ್ಟಿನ ಬಳಿ ಅರ್ಧ ಗಂಟೆ ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು ನಿಂತದ್ದು, ಉಳಿಸಿದ್ದನ್ನೆಲ್ಲ ಬಡ್ಡಿ ಸಮೇತ ವಸೂಲು ಮಾಡಿತು. ಹಾಗಾಗಿ ಎರಡು ಚೀಲ ಮೇಲೆ, ಉಳಿದದ್ದು ಕೆಳಗೆ ಎಂಬ ರಾಜಿಗೆ ಬಂದಿದ್ದೇವೆ.

ಹಣ ಕೊಟ್ಟು ಬೇಗ ಹತ್ತುವುದಕ್ಕೆ ನಿಜವಾದ ಅರ್ಥವಿದ್ದದ್ದನ್ನು ನಾನು ಕಂಡದ್ದು ಅಮೆರಿಕದಲ್ಲಿ. 2023ರ ಬೇಸಿಗೆಯಲ್ಲಿ ಡಲ್ಲಾಸ್‌ನಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದಾಗ, ಲವ್ ಫೀಲ್ಡ್ ನಿಲ್ದಾಣದಿಂದ ಡೆನ್ವರ್‌ಗೆ ಸೌತ್‌ವೆಸ್ಟ್ ವಿಮಾನದಲ್ಲಿ ಹೋದೆವು. ಆಗ ಅಲ್ಲಿ ಆಸನ ಸಂಖ್ಯೆಯೇ ಇರಲಿಲ್ಲ. ಎ, ಬಿ, ಸಿ ಗುಂಪುಗಳಲ್ಲಿ ಕಂಬಗಳ ಪಕ್ಕ ಸಂಖ್ಯೆಯ ಕ್ರಮದಲ್ಲಿ ನಿಂತು, ಒಳಗೆ ಹೋಗಿ ಕಂಡ ಖಾಲಿ ಆಸನದಲ್ಲಿ ಕೂರುವುದು. ನಮ್ಮ ಊರಿನ ಬಸ್ಸಿನಂತೆಯೇ, ಕಿಟಕಿಯಿಂದ ಟವೆಲ್ ಎಸೆಯುವುದೊಂದು ಇರಲಿಲ್ಲ. ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿರುವ ಕುಟುಂಬಗಳನ್ನು ಎ ಗುಂಪಿನ ನಂತರ, ಬಿ ಗುಂಪಿಗೆ ಮೊದಲು, ಹಣವಿಲ್ಲದೆ ಬಿಡುತ್ತಿದ್ದರು. ನಮ್ಮ ಮಗಳಿಗೆ ಆಗ ಸರಿಯಾಗಿ ಆರು. ಅಕ್ಕನ ಮಗನಿಗೆ ಒಂಬತ್ತು ತುಂಬಿದ್ದರಿಂದ ಅವಳು ಸಾಲಿನಲ್ಲಿ ಮುಂದಿನ ಸರದಿ ಕೊಡಿಸುವ ಅರ್ಲಿಬರ್ಡ್ ಚೆಕ್-ಇನ್‌ಗೆ ತಲೆಗೆ 25 ಡಾಲರ್‌ನಷ್ಟು ಕೊಟ್ಟಿದ್ದಳು. ಅವರು ಕುಳಿತ ಮೂರು ಸಾಲು ಹಿಂದೆ ನಾವು ನಾಲ್ವರೂ ಒಟ್ಟಿಗೆ ಕುಳಿತೆವು. ಅವಳ ಹಣ ದಂಡವಾಯಿತೆಂದು ನಾನು ಹೇಳಲಾರೆ, ಏಕೆಂದರೆ ಅಲ್ಲಿ ಬೇಗ ಹತ್ತಿದವರು ಕೊಳ್ಳುತ್ತಿದ್ದದ್ದು ಆಸನವನ್ನೇ, ಮಗ ಪಕ್ಕದಲ್ಲಿರುವ ಖಾತ್ರಿಯನ್ನೇ. ಅಲ್ಲಿಯೂ 2026ರ ಜನವರಿ 27ರಿಂದ ಆಸನ ನಿಗದಿ ಮಾಡುವ ಪದ್ಧತಿ ಬಂದಿರುವುದರಿಂದ ಆ ಲೆಕ್ಕ ಈಗ ಮುಗಿದಿದೆ.

ನಾನು ಹಣ ಕೊಡುವುದೇ ಇಲ್ಲವೆಂದಲ್ಲ. ದಸರೆ, ದೀಪಾವಳಿಗಳ ಹಿಂದುಮುಂದು ವಿಮಾನ ತುಂಬಿ ತುಳುಕುವಾಗ, ಹಿಂದಿನ ಸಾಲೂ ಸಿಗದಿದ್ದರೆ, ಏರೋಬ್ರಿಡ್ಜ್ ಇರುವ ನಂಬಿಕೆಯಿದ್ದರೆ, ನಮ್ಮವರೊಬ್ಬರಿಗೆ ಮಾತ್ರ ಕೊಡುತ್ತೇನೆ. ಒಬ್ಬರಿಗೆ ಮಾತ್ರ ಆರಿಸಲು ಬಿಡದ ಕಡೆ ಕೊಡುವುದಿಲ್ಲ. ಒಬ್ಬರೇ ಕೂಸನ್ನು ಕಟ್ಟಿಕೊಂಡು ಹೋಗುವವರಿಗೆ ನಮ್ಮ ಕ್ರಮ ಒಗ್ಗುವುದಿಲ್ಲ. ಅವರು ಗೇಟಿನಲ್ಲಿ ಬಾಯಿಬಿಟ್ಟು ಕೇಳಬೇಕು, ಕೇಳಿದರೆ ಬಿಡುತ್ತಾರೆ. ವಿಮಾನ ಇಳಿಯಲಾರಂಭಿಸಿದಾಗ ಮಗಳ ಕಿವಿಗೆ ನಮ್ಮಮ್ಮನ ಗಟ್ಟಿ ಕೋಡುಬಳೆಗಿಂತ ಒಳ್ಳೆಯ ಔಷಧ ನನಗೆ ಸಿಕ್ಕಿಲ್ಲ ಎಂಬುದು ಈ ವಿಷಯಕ್ಕೆ ಸೇರಿದ್ದಲ್ಲವಾದರೂ, ಅಗಿಯಲು ಬರುವ ವಯಸ್ಸಿನ ಮಕ್ಕಳಿರುವವರಿಗೆ ಉಪಯೋಗವಾದೀತು.

ದೀಪಾವಳಿ ಮುಗಿಸಿ ಧಾರವಾಡದಿಂದ ಹಿಂದಿರುಗುವಾಗ ಬೆಂಗಳೂರಿನಿಂದ ದೆಹಲಿಗೆ ಭಾವನವರ ಕುಟುಂಬವೂ ನಮ್ಮ ವಿಮಾನದಲ್ಲೇ ಇತ್ತು. ಅವರು ನಾಲ್ವರಿಗೂ ಹಣ ಕೊಟ್ಟಿದ್ದರು. ಅಂದು ಗೇಟು ಕೆಳಮಹಡಿಯಲ್ಲಿತ್ತು. ಖಾಲಿ ಬಸ್ಸಿನ ಆಚೆಬದಿಯ ಗಾಜಿಗೆ ಒತ್ತಿ ನಿಂತ ಅವರ ಕಿರಿಮಗನ ಮುಖವನ್ನು ಗೇಟಿನ ಒಳಗಿನಿಂದಲೇ ಕಂಡೆ. ದೆಹಲಿಯಲ್ಲಿ ಇಳಿದ ಮೇಲೆ ಭಾವನವರು ಏನೂ ಹೇಳಲಿಲ್ಲ. ಹದಿನೈದು ದಿನ ಬಿಟ್ಟು ಸಂಕ್ರಾಂತಿಯ ಟಿಕೆಟ್ ಮಾಡಿಸುವಾಗ ಫೋನ್ ಮಾಡಿ, “ಆ ನಿಮ್ಮ ಸಾಲಿನ ನಂಬರ ಎಷ್ಟವಾ?” ಎಂದು ಕೇಳಿದರು. ನಮ್ಮದಕ್ಕಿಂತ ಎರಡು ಸಾಲು ಮುಂದಿನದನ್ನು ಹೇಳಿದೆ.