ಹತ್ತಿರದ ಸ್ಪೀಕರ್ ಕಾಯಬೇಕು: ಹೋಂ ಥಿಯೇಟರ್ ಹೊಂದಿಸುವ ಬಗೆ

ಕುಂಬಳೆಯಿಂದ ಬದಿಯಡ್ಕ, ಪೆರ್ಲದವರೆಗೆ ಈಗ ಏಳುತ್ತಿರುವ ಮನೆಗಳ ಚಾವಡಿ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಮುರಕಲ್ಲಿನ ಗೋಡೆಗೆ ಸಿಮೆಂಟಿನ ಗಾರೆ, ಅದರ ಮೇಲೆ ನುಣ್ಣನೆಯ ಪುಟ್ಟಿ, ನೆಲಕ್ಕೆ ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್, ಮೇಲೆ ತಾರಸಿ. ಗಲ್ಫಿನಿಂದ ರಜೆಗೆ ಬಂದ ಭಾವ ಐದು ಸ್ಪೀಕರ್, ತಗ್ಗು ಸ್ವರಕ್ಕೆಂದೇ ಒಂದು ಸಬ್‌ವೂಫರ್ ಇರುವ 5.1 ಸೆಟ್ ತಂದುಕೊಡುತ್ತಾರೆ. ಅದರ ಚೌಕ ಕಡ್ಡಿಯ ಪ್ಲಗ್ಗಿಗೆ ತಕ್ಕ ಅಡಾಪ್ಟರ್ ಹುಡುಕುವುದು ಮನೆಯವರ ಪಾಲಿನ ಕೆಲಸ. ಜೋಡಿಸಲು ಬಂದವರು ವಯರ್ ಸಿಕ್ಕಿಸಿ, ‘ಆಟೋ’ ಒತ್ತಿ, ಚಹಾ ಕುಡಿದು ಹೋಗುತ್ತಾರೆ. ವಾರದೊಳಗೆ ದೂರು ಶುರು: ‘ಅಣ್ಣಾ, ಬಾಂಬು ಸಿಡಿದದ್ದು ಚೆನ್ನಾಗಿ ಕೇಳುತ್ತದೆ, ನಾಯಕ ಏನು ಹೇಳಿದ ಎಂದು ಮಾತ್ರ ತಿಳಿಯುವುದಿಲ್ಲ.’

ಹೊಸ ಸೆಟ್ ಕೊಳ್ಳುವ ಮೊದಲು ಒಂದು ಅಳತೆ ಟೇಪು ಕೈಗೆತ್ತಿಕೊಳ್ಳಿ. ಇಂಥ ದೂರುಗಳಲ್ಲಿ ಹೆಚ್ಚಿನವು ಸೆಟ್ಟಿನ ದೋಷದಿಂದ ಬಂದವಲ್ಲ. ಆರು ಪೆಟ್ಟಿಗೆಗಳು ಆರು ಬೇರೆ ಬೇರೆ ದೂರದಲ್ಲಿ ಕುಳಿತು, ಒಂದೊಂದು ಒಂದೊಂದು ಹೊತ್ತಿಗೆ, ಒಂದೊಂದು ಜೋರಿನಲ್ಲಿ ಮಾತಾಡುತ್ತಿರುತ್ತವೆ, ಅಷ್ಟೆ.

ಸಮಯ ಏಕೆ ಮುಖ್ಯ

ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. ನಮ್ಮ ಕರಾವಳಿಯ 30 ಡಿಗ್ರಿ ಸೆಕೆಗೆ ಅದು ಸುಮಾರು 349 ಆಗುತ್ತದೆ. ಅಂದರೆ 35 ಸೆಂಟಿಮೀಟರ್ ದಾಟಲು ಒಂದು ಮಿಲಿಸೆಕೆಂಡ್ ಬೇಕು. ಇಷ್ಟು ಚಿಕ್ಕ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತದೆ ಎಂದು ಕೇಳಬಹುದು. ಎರಡು ಸದ್ದುಗಳಾಗಿ ಅದು ಕೇಳುವುದಿಲ್ಲ, ನಿಜ. ಆದರೆ ಒಂದೇ ಸದ್ದು ಎರಡು ಕಡೆಯಿಂದ ಬಂದಾಗ ಮೊದಲು ಬಂದ ಕಡೆಯೇ ಸದ್ದಿನ ಮೂಲ ಎಂದು ಕಿವಿ ತೀರ್ಮಾನಿಸಿಬಿಡುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ತನ್ನ ಸಂಶೋಧನೆಯಲ್ಲಿ ವಿವರಿಸಿದ ಈ ಗುಣಕ್ಕೆ ಇಂದಿಗೂ ‘ಹಾಸ್ ಪರಿಣಾಮ’ ಎಂದೇ ಹೆಸರು. ಹಿಂದಿನ ಸ್ಪೀಕರ್ ನಿಮ್ಮ ಕಿವಿಯ ಬಳಿಯೇ ಇದ್ದರೆ ಇಡೀ ಚಿತ್ರ ಬೆನ್ನ ಕಡೆಗೆ ವಾಲುವುದು ಇದರಿಂದ.

ಎಲ್ಲ ಸ್ಪೀಕರಿಗೂ ಸದ್ದು ಹಂಚುವ ಪೆಟ್ಟಿಗೆಯಾದ ರಿಸೀವರ್‌ನ ಮೆನುವಿನಲ್ಲಿರುವ ‘ಡಿಸ್ಟೆನ್ಸ್’ (ದೂರ) ಎಂಬ ಅಂಕಣ ಇದಕ್ಕೆ ಮದ್ದು. ಅತಿ ದೂರದ ಸ್ಪೀಕರಿಗೆ ಕಾಯುವಿಕೆ ಸೊನ್ನೆ. ಉಳಿದವು ಎಷ್ಟು ಹತ್ತಿರವೋ ಅಷ್ಟು ಹೊತ್ತು ತಡೆದು ಸದ್ದು ಹೊರಡಿಸುತ್ತವೆ. ಎಲ್ಲವೂ ನಿಮ್ಮ ಕುರ್ಚಿಗೆ ಒಟ್ಟಿಗೆ ತಲಪುತ್ತವೆ.

ಮೊದಲು ಜಾಗ

ತಪ್ಪು ಜಾಗದಲ್ಲಿಟ್ಟ ಸ್ಪೀಕರನ್ನು ಯಾವ ಮೆನುವೂ ಪೂರ್ತಿ ಸರಿಪಡಿಸುವುದಿಲ್ಲ. ಕೇಳುವ ಕುರ್ಚಿಯಿಂದ ಟಿ.ವಿ.ಯತ್ತ ನೇರ ಗೆರೆ ಎಳೆದರೆ ಎಡ ಮತ್ತು ಬಲ ಸ್ಪೀಕರ್‌ಗಳು ಆ ಗೆರೆಯಿಂದ ತಲಾ 22ರಿಂದ 30 ಡಿಗ್ರಿ ಕೋನದಲ್ಲಿರಬೇಕು. ಪಕ್ಕದ ಸರೌಂಡ್ ಜೋಡಿ 110 ಡಿಗ್ರಿಯ ಆಸುಪಾಸಿನಲ್ಲಿ, ಅಂದರೆ ಕಿವಿಗಿಂತ ತುಸು ಹಿಂದೆ. ಮುಂದಿನ ಮೂರರ ಟ್ವೀಟರ್ (ಎತ್ತರದ ಸ್ವರ ನುಡಿಸುವ ಸಣ್ಣ ಭಾಗ) ಕುಳಿತವರ ಕಿವಿಯ ಎತ್ತರಕ್ಕೆ ಸಮೀಪವಿರಲಿ. ನಡುವಿನ ಸ್ಪೀಕರನ್ನು ಟಿ.ವಿ. ಕಪಾಟಿನ ಒಳಗೆ ತಳ್ಳಿ, ಮೇಲೊಂದು ಕಸೂತಿ ಬಟ್ಟೆ ಹೊದಿಸುವ ಪದ್ಧತಿ ನಮ್ಮಲ್ಲಿದೆ. ಸಿನಿಮಾದ ಮಾತು ಹೆಚ್ಚಾಗಿ ಬರುವುದು ಆ ಪೆಟ್ಟಿಗೆಯಿಂದ. ಅದನ್ನು ಕಪಾಟಿನ ಅಂಚಿಗೆ ತಂದು, ಮುಖವನ್ನು ಕಿವಿಯ ಕಡೆಗೆ ಓರೆ ಮಾಡಿದರೆ ನಾಯಕನ ಅರ್ಧ ಸಂಭಾಷಣೆ ಅಲ್ಲೇ ಮರಳಿ ಬರುತ್ತದೆ.

ಕೋಣೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಗಾರೆ ಗೋಡೆಗಳ ನಡುವೆ ಅದು ‘ಟರ್ರ್’ ಎಂದು ಓಡಾಡಿದರೆ ಮಾತು ಮಸುಕಾಗಲು ಅದೂ ಕಾರಣ. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ನೆರಿಗೆಯ ಪರದೆ, ಗೋಡೆಗೆ ಪುಸ್ತಕದ ಕಪಾಟು ಕೆಲಸಕ್ಕೆ ಬರುತ್ತವೆ. ಓಲೆಚಾಪೆ ತೀರ ತೆಳು, ಹೆಚ್ಚು ಪ್ರಯೋಜನವಿಲ್ಲ. ಪಕ್ಕದ ಗೋಡೆಯ ಉದ್ದಕ್ಕೆ ಒಬ್ಬರು ಕನ್ನಡಿ ಸರಿಸುತ್ತ ಹೋಗಲಿ, ನೀವು ಕುರ್ಚಿಯಲ್ಲಿ ಕುಳಿತಿರಿ. ಕನ್ನಡಿಯಲ್ಲಿ ಎಲ್ಲಿ ಸ್ಪೀಕರ್ ಕಾಣುತ್ತದೋ ಅಲ್ಲಿಂದಲೇ ಸದ್ದು ಪುಟಿಯುತ್ತಿದೆ. ಪರದೆಯೋ ಕಪಾಟೋ ಅಲ್ಲಿಗೆ ಬರಬೇಕು.

ವಯರ್ ತಿರುಗು ಮುರುಗಾಗಿದೆಯೇ

ಎರಡು ತಂತಿಗಳಲ್ಲಿ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಹೋಗಿರಬೇಕು. ಗೋಡೆಯೊಳಗಿನ ಪೈಪಿನಲ್ಲಿ ಎಳೆದ ವಯರಿಗೆ ಬಣ್ಣವೇ ಇಲ್ಲದಿದ್ದರೆ ಟಾರ್ಚಿನ 1.5 ವೋಲ್ಟ್ ಸೆಲ್ ಸಾಕು. ರಿಸೀವರ್ ಆರಿಸಿ, ಅದರ ತುದಿಯಿಂದ ಆ ಸ್ಪೀಕರಿನ ಎರಡೂ ತಂತಿ ಬಿಡಿಸಿಕೊಳ್ಳಿ. ಒಂದನ್ನು ಸೆಲ್ಲಿನ ಕೆಳಕ್ಕೆ ಹಿಡಿದು, ಇನ್ನೊಂದನ್ನು ಮೇಲಿನ ಗುಬುಟಿಗೆ ಕ್ಷಣ ಮಾತ್ರ ತಾಗಿಸಿ. ‘ಟಪ್’ ಎಂಬ ಸದ್ದಿನೊಂದಿಗೆ ಸ್ಪೀಕರಿನ ಕೋನ್ ಹೊರಕ್ಕೆ ಚಿಮ್ಮಿದರೆ ಗುಬುಟಿಗೆ ತಾಗಿದ ತಂತಿ ಪ್ಲಸ್. ಒಳಕ್ಕೆ ಹೋದರೆ ಅದು ಮೈನಸ್. ಸಾಮಾನ್ಯವಾಗಿ ಎಲ್ಲ ವೂಫರ್‌ಗಳಿಗೂ, ಅಂದರೆ ತಗ್ಗು ಸ್ವರದ ದೊಡ್ಡ ಕೋನ್‌ಗಳಿಗೂ, ಇದು ಅನ್ವಯಿಸುತ್ತದೆ. ಸಣ್ಣ ಟ್ವೀಟರ್ ಕಡೆ ನೋಡಿ ಗೊಂದಲಪಡಬೇಡಿ.

ಟೇಪು ಹಿಡಿಯುವ ಹೊತ್ತು

ಯಾವ ಕುರ್ಚಿಗೆ ಹೊಂದಿಸಬೇಕು ಎಂಬ ಜಗಳವನ್ನು ಮೊದಲೇ ಮುಗಿಸಿ. ಸಮಯ ಹೊಂದಿಕೆ ಕಟ್ಟುನಿಟ್ಟಾಗಿ ಸರಿಬರುವುದು ಒಂದು ತಲೆಗೆ ಮಾತ್ರ. ಮನೆಮಂದಿಯೆಲ್ಲ ನೋಡುವುದಾದರೆ ಸೋಫಾದ ನಡು ಭಾಗ ಹಿಡಿಯುವುದು ವಾಸಿ.

ಅಲ್ಲಿ ಕುಳಿತವರ ಮೂಗಿನ ನೇರಕ್ಕೆ ಟೇಪಿನ ತುದಿ ಹಿಡಿದು ಪ್ರತಿ ಸ್ಪೀಕರಿನ ಮುಖದವರೆಗೆ ಅಳೆಯಿರಿ. ಒಂದು ಉದಾಹರಣೆ ನೋಡೋಣ. 15 ಅಡಿ ಉದ್ದ, 12 ಅಡಿ ಅಗಲದ ಚಾವಡಿ. ಎಡ, ಬಲ ತಲಾ 2.9 ಮೀಟರ್, ನಡುವಿನದು 2.5, ಎಡ ಸರೌಂಡ್ 1.6. ಬಲಗಡೆ ಅಡುಗೆಮನೆಯ ಬಾಗಿಲು ಅಡ್ಡ ಬಂದು ಆ ಸರೌಂಡ್ 2.2 ಮೀಟರಿಗೆ ಸರಿದಿದೆ. ಸಬ್‌ವೂಫರ್ ಮೂಲೆಯಲ್ಲಿ 3.2 ಮೀಟರ್ ದೂರ. ಅತಿ ದೂರದ್ದು ಸಬ್‌ವೂಫರ್. ಅದರೊಂದಿಗೆ ಹೋಲಿಸಿದರೆ ಎಡ-ಬಲ ಸುಮಾರು 0.9 ಮಿಲಿಸೆಕೆಂಡ್, ನಡುವಿನದು 2, ಬಲ ಸರೌಂಡ್ 2.9, ಎಡ ಸರೌಂಡ್ 4.6 ಮಿಲಿಸೆಕೆಂಡ್ ಕಾಯಬೇಕು. ಈ ಭಾಗಾಕಾರ ನಿಮ್ಮ ತಲೆನೋವಲ್ಲ. ಮೀಟರಿನಲ್ಲೋ ಅಡಿಯಲ್ಲೋ ದೂರ ತುಂಬಿದರೆ ರಿಸೀವರ್ ತಾನೇ ಮಾಡಿಕೊಳ್ಳುತ್ತದೆ. ದೂರದ ಬದಲು ‘ಡಿಲೇ’ ಎಂದು ಮಿಲಿಸೆಕೆಂಡ್ ಕೇಳುವ ಅಗ್ಗದ ಸೆಟ್‌ಗಳಿಗೆ ಮಾತ್ರ ಈ ಲೆಕ್ಕ ಬೇಕು.

ಏಪ್ರಿಲ್ ಸೆಕೆಗೆ ಒಮ್ಮೆ, ಆಷಾಢದ ಮಳೆಗೆ ಒಮ್ಮೆ ಅಳೆಯಬೇಕೆ? ಬೇಡ. ವೇಗ ಬದಲಾದರೂ ಎಲ್ಲ ಸ್ಪೀಕರಿಗೂ ಒಂದೇ ಪ್ರಮಾಣದಲ್ಲಿ ಬದಲಾಗುತ್ತದೆ. ಉಳಿಯುವ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಜೋರನ್ನು ಸಮ ಮಾಡುವುದು

ಬಯಲಿನಲ್ಲಾದರೆ ದೂರ ಇಮ್ಮಡಿಯಾದಾಗ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ 1.6 ಮೀಟರಿನ ಎಡ ಸರೌಂಡ್ 2.9 ಮೀಟರಿನ ಎಡ ಸ್ಪೀಕರಿಗಿಂತ ಸುಮಾರು 5 ಡೆಸಿಬೆಲ್ ಜೋರು. ಗೋಡೆಗಳಿರುವ ಕೋಣೆಯಲ್ಲಿ ತುಸು ಕಡಿಮೆ. ದೂರದ ಅಂಕಣ ಸಮಯವನ್ನು ಸರಿಪಡಿಸುತ್ತದೆ, ಜೋರನ್ನಲ್ಲ. ಅದಕ್ಕೆ ‘ಲೆವೆಲ್’ ಬೇರೆಯೇ ಇದೆ.

ಫ್ಯಾನ್, ತೋಟದ ಪಂಪು ಎರಡನ್ನೂ ಆರಿಸಿ. ತಾರಸಿಯ ಮೇಲೆ ತಗಡಿನ ಶೀಟು ಹಾಸಿದ ಮನೆಯಾದರೆ ಮಳೆ ಬಿಡುವವರೆಗೆ ಕಾಯುವುದೇ ಲೇಸು. ರಿಸೀವರಿನ ಟೆಸ್ಟ್ ಟೋನ್ ಹಾಕಿದರೆ ಒಂದೊಂದೇ ಸ್ಪೀಕರಿನಿಂದ ‘ಸುಯ್’ ಎಂಬ ಸದ್ದು ಬರುತ್ತದೆ. ಶಬ್ದಮಾಪಕವನ್ನು ಕಿವಿಯ ಎತ್ತರದಲ್ಲಿಟ್ಟು, ‘ಸಿ’ ತೂಕ (ತಗ್ಗು ಸ್ವರವನ್ನೂ ಹೆಚ್ಚುಕಡಿಮೆ ಪೂರ್ತಿ ಎಣಿಸುವ ಕ್ರಮ) ಮತ್ತು ‘ಸ್ಲೋ’ ಆಯ್ದು, ಕುರ್ಚಿಯಲ್ಲಿ ಎಲ್ಲವೂ 75 ಡೆಸಿಬೆಲ್ ತೋರಿಸುವಂತೆ ಒಂದೊಂದರ ಲೆವೆಲ್ ಏರಿಸಿ ಇಳಿಸಿ. ಸಿನಿಮಾ ಧ್ವನಿ ಮಿಶ್ರಣ ಮಾಡುವ ದೊಡ್ಡ ಕೋಣೆಗಳಲ್ಲಿ ಈ ಅಂಕಿ 85. ಮನೆಯ ಟೆಸ್ಟ್ ಟೋನನ್ನು ಸಾಮಾನ್ಯವಾಗಿ 10 ಡೆಸಿಬೆಲ್ ತಗ್ಗಿಸಿಯೇ ಕೊಟ್ಟಿರುತ್ತಾರೆ. ತೊಟ್ಟಿಲಲ್ಲಿ ಮಗು ಮಲಗಿದ್ದರೆ 65ಕ್ಕೆ ಸಮ ಮಾಡಿದರೂ ತೊಂದರೆಯಿಲ್ಲ, ಸಮವಾಗಿರುವುದಷ್ಟೇ ಮುಖ್ಯ.

ಮೊಬೈಲ್ ಆ್ಯಪ್ ಸಾಲದೆ? ಐದು ಸ್ಪೀಕರ್‌ಗಳನ್ನು ಒಂದರೊಡನೆ ಒಂದು ಹೋಲಿಸಲು ಸಾಕು. ಸಬ್‌ವೂಫರಿಗೆ ನಂಬಬೇಡಿ, ಹಲವು ಮೊಬೈಲ್ ಮೈಕ್‌ಗಳು ತಗ್ಗು ಸ್ವರವನ್ನು ಅರ್ಧ ನುಂಗುತ್ತವೆ. ‘ಎ’ ತೂಕದಲ್ಲಿ ಅಳೆದರಂತೂ 50 ಹರ್ಟ್ಜ್ ಸದ್ದು 30 ಡೆಸಿಬೆಲ್ ಕಡಿಮೆಯಾಗಿ ಕಾಣುತ್ತದೆ. ಆ ಅಂಕಿ ನಂಬಿ ಸಬ್‌ವೂಫರ್ ತಿರುಪು ಏರಿಸಿದವರ ಮನೆಯ ಕಿಟಕಿ ಗಾಜು ನಡುಗುತ್ತದೆ.

ಸಬ್‌ವೂಫರ್ ಎಂಬ ಹಟಮಾರಿ

ಸ್ವಲ್ಪ ನಿಧಾನಿಸಬೇಕಾದ ಜಾಗ ಇದು. ಮೊದಲು ಮೆನುವಿನಲ್ಲಿ ಐದೂ ಸ್ಪೀಕರ್‌ಗಳನ್ನು ‘ಸ್ಮಾಲ್’ ಮಾಡಿ, ಕ್ರಾಸ್‌ಓವರನ್ನು (ಇದಕ್ಕಿಂತ ತಗ್ಗಿನ ಸ್ವರ ಸಬ್‌ವೂಫರಿಗೆ ಹೋಗುವ ಗಡಿ) 80 ಹರ್ಟ್ಜ್‌ಗೆ ಇಡಿ. ಸ್ಪೀಕರ್ ದೊಡ್ಡದಿದೆ ಎಂಬ ಹೆಮ್ಮೆಗೆ ‘ಲಾರ್ಜ್’ ಒತ್ತಬೇಡಿ. ಅಂಗೈ ಗಾತ್ರದ ಪುಟ್ಟ ಸ್ಪೀಕರ್‌ಗಳಾದರೆ 120 ಅಥವಾ 150 ಬೇಕಾದೀತು. ಸಬ್‌ವೂಫರಿನ ಬೆನ್ನಿನಲ್ಲಿರುವ ಕ್ರಾಸ್‌ಓವರ್ ತಿರುಪನ್ನು ಕೊನೆಯವರೆಗೆ ಏರಿಸಿಬಿಡಿ, ಇಲ್ಲವಾದರೆ ಒಂದೇ ಸದ್ದನ್ನು ಎರಡೆರಡು ಸಲ ಸೋಸಿದಂತಾಗುತ್ತದೆ.

80 ಹರ್ಟ್ಜ್‌ನ ಒಂದು ಅಲೆಗೆ 12.5 ಮಿಲಿಸೆಕೆಂಡ್ ಬೇಕು. ಆ ಸ್ವರವನ್ನು ಮುಂದಿನ ಸ್ಪೀಕರೂ ಸಬ್‌ವೂಫರೂ ಹಂಚಿಕೊಂಡು ನುಡಿಸುತ್ತವೆ. ಒಂದು ಅರ್ಧ ಅಲೆಯಷ್ಟು, ಅಂದರೆ 6.25 ಮಿಲಿಸೆಕೆಂಡ್ ಹಿಂದೆ ಬಿದ್ದರೆ ಎರಡೂ ಪರಸ್ಪರ ಅಳಿಸಿಕೊಳ್ಳುತ್ತವೆ. ಎರಡು ಯಂತ್ರ ದುಡಿದೂ ಬೇಸ್ ಬಡಕಲಾಗಿರುವುದು ಆಗಲೇ. ಇನ್ನೊಂದು ತೊಡಕೆಂದರೆ ಸಬ್‌ವೂಫರಿನ ಒಳಗಿನ ಫಿಲ್ಟರ್‌ಗಳೂ ಸದ್ದನ್ನು ತಡಮಾಡುತ್ತವೆ. ಟೇಪು 3.2 ಮೀಟರ್ ಎಂದರೂ ರಿಸೀವರ್ ತಾನೇ ಅಳೆಯಲು ಬಳಸುವ ಆಟೋ ಮೈಕ್ 4.5 ಎಂದು ತೋರಿಸಬಹುದು. ಯಂತ್ರಕ್ಕೆ ಬುದ್ಧಿಯಿಲ್ಲವೆಂದು ಅದನ್ನು 3.2ಕ್ಕೆ ತಿದ್ದುವವರಿದ್ದಾರೆ. ತಿದ್ದಬೇಡಿ, ಆ ಹೆಚ್ಚುವರಿ 1.3 ಮೀಟರ್ ಎಂದರೆ ಒಳಗಿನ ವಿಳಂಬ.

ಕೈಯಿಂದಲೇ ಹೊಂದಿಸುವವರು ಹೀಗೆ ಮಾಡಲಿ. 80 ಹರ್ಟ್ಜ್ ಟೋನನ್ನು ಎಡ-ಬಲ ಎರಡರಲ್ಲೂ ಒಂದೇ ರೀತಿ, ತಗ್ಗಿದ ಜೋರಿನಲ್ಲಿ ನುಡಿಸಿ. ಸಬ್‌ವೂಫರಿನ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಸ್ವಿಚ್ಚನ್ನು ಬೇಕೆಂದೇ 180ಕ್ಕೆ ತಿರುಗಿಸಿ. ಈಗ ಮೆನುವಿನಲ್ಲಿ ಸಬ್‌ವೂಫರಿನ ದೂರವನ್ನು ಟೇಪಿನ ಅಂಕಿಯಿಂದ ಆರಂಭಿಸಿ 30 ಸೆಂಟಿಮೀಟರಿನಂತೆ ಹೆಚ್ಚಿಸುತ್ತ, ಕುರ್ಚಿಯಲ್ಲಿ ಮಾಪಕ ನೋಡುತ್ತಿರಿ. ಪ್ರತಿ ಹೆಜ್ಜೆಗೂ ಅಲೆ ಸುಮಾರು 25 ಡಿಗ್ರಿ ಸರಿಯುತ್ತದೆ. ಎಲ್ಲಿ ಸದ್ದು ಅತಿ ಹೆಚ್ಚು ಕುಸಿಯುತ್ತದೋ ಅಲ್ಲಿ ನಿಲ್ಲಿಸಿ, ಸ್ವಿಚ್ಚನ್ನು ಸೊನ್ನೆಗೆ ತನ್ನಿ. ಕುಸಿದ ಜಾಗದಲ್ಲೇ ಈಗ ಎರಡೂ ಒಂದಾಗಿ ಉಬ್ಬುತ್ತವೆ. ಗರಿಷ್ಠವನ್ನು ಹುಡುಕುವುದಕ್ಕಿಂತ ಕನಿಷ್ಠವನ್ನು ಹುಡುಕುವುದು ಸುಲಭ, ಏಕೆಂದರೆ ಕುಸಿತ ಬಲು ಚೂಪಾಗಿರುತ್ತದೆ. ಟೇಪಿನ ಅಂಕಿಯಿಂದ ಬಹಳ ದೂರ ಹೋಗಬೇಡಿ. ಸುಮಾರು 4.4 ಮೀಟರ್ ಆಚೆ ಇಂಥದ್ದೇ ಇನ್ನೊಂದು ಕುಸಿತ ಸಿಗುತ್ತದೆ, ಅಲ್ಲಿ ಸಬ್‌ವೂಫರ್ ಒಂದು ಪೂರ್ತಿ ಅಲೆಯಷ್ಟು ಮುಂದಾಗಿರುತ್ತದೆ.

ಇಷ್ಟಾದರೂ ಕೆಲವು ಸ್ವರ ಗುಂಯ್‌ಗುಟ್ಟುತ್ತಿದ್ದರೆ ದೋಷ ಕೋಣೆಯ ಅಳತೆಯದು. 15 ಅಡಿಯ ಗೋಡೆಗಳ ನಡುವೆ 38 ಹರ್ಟ್ಜ್, 12 ಅಡಿಗೆ 48 ಹರ್ಟ್ಜ್ ಸುಮಾರಿಗೆ ಅಲೆ ನಿಂತು ಮೊರೆಯುತ್ತದೆ. ಸಬ್‌ವೂಫರನ್ನು ತಾತ್ಕಾಲಿಕವಾಗಿ ಸೋಫಾದ ಮೇಲಿಟ್ಟು, ನೀವು ಗೋಡೆಯುದ್ದಕ್ಕೆ ಅಂಬೆಗಾಲಿಟ್ಟು ಹೋಗಿ ಆಲಿಸಿ. ಬೇಸ್ ಸಮವಾಗಿ, ಬಿಗಿಯಾಗಿ ಕೇಳುವ ಮೂಲೆಯಲ್ಲಿ ಸಬ್‌ವೂಫರ್ ಇಡಿ. ನೆಂಟರು ಬಂದಿರುವಾಗ ಬೇಡ. ಜಾಗ ಬದಲಾದ ಮೇಲೆ ಕುಸಿತ ಹುಡುಕುವ ಕೆಲಸವನ್ನು ಮತ್ತೆ ಮಾಡಬೇಕು.

ಆಟೋ ಮೈಕ್ ಇದ್ದವರಿಗೆ

ಆಡಿಸಿ, ವೈಪಾವೊ, ಡಿರಾಕ್ ಮುಂತಾದ ವ್ಯವಸ್ಥೆಗಳು ಈ ಕೆಲಸದ ಬಹುಪಾಲನ್ನು ತಾವೇ ಮಾಡುತ್ತವೆ. ಮೈಕನ್ನು ಕೈಯಲ್ಲಿ ಹಿಡಿಯಬಾರದು, ಸೋಫಾದ ಬೆನ್ನಿಗೆ ಒರಗಿಸಲೂಬಾರದು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕಿವಿಯ ಎತ್ತರಕ್ಕಿರಲಿ. ಹಲವು ಕಡೆ ಅಳೆಯುವ ಆಡಿಸಿಯಂಥವು ದೂರವನ್ನೂ ಲೆವೆಲ್ಲನ್ನೂ ಲೆಕ್ಕ ಹಾಕುವುದು ಮೊದಲ ಅಳತೆಯಿಂದ, ಆದ್ದರಿಂದ ಅದು ಮುಖ್ಯ ಕುರ್ಚಿಯಲ್ಲೇ ಆಗಲಿ. ಮುಗಿದ ಮೇಲೆ ಅಂಕಿಗಳನ್ನು ಟೇಪಿನೊಂದಿಗೆ ತಾಳೆ ನೋಡಿ. ಸಬ್‌ವೂಫರ್ ಬಿಟ್ಟು ಉಳಿದವು ಅಂಗೈ ಅಗಲದಷ್ಟು ಹೆಚ್ಚುಕಡಿಮೆಯಾದರೆ ಸರಿ. ಒಂದು ಸ್ಪೀಕರ್ ಮೀಟರುಗಟ್ಟಲೆ ತಪ್ಪು ತೋರಿಸಿದರೆ ಮೈಕಿಗೂ ಅದಕ್ಕೂ ನಡುವೆ ಏನೋ ಅಡ್ಡವಿದೆ. ಇನ್ನೂ ಆಳಕ್ಕಿಳಿಯುವ ಆಸೆಯಿದ್ದರೆ ‘ರೂಮ್ ಇಕ್ಯೂ ವಿಝಾರ್ಡ್’ ಎಂಬ ಉಚಿತ ತಂತ್ರಾಂಶವಿದೆ, ಯು.ಎಸ್.ಬಿ. ಮೈಕ್ ಒಂದನ್ನು ಕೊಳ್ಳಬೇಕಾಗುತ್ತದೆ.

ತುಟಿ ಮುಂದೆ, ಮಾತು ಹಿಂದೆ ಆಗುತ್ತಿದ್ದರೆ ಅದು ಸ್ಪೀಕರ್ ದೂರದ ಸಂಗತಿಯಲ್ಲ. ‘ಲಿಪ್ ಸಿಂಕ್’ ಅಂಕಣ ಬೇರೆ ಇದೆ. ಆದರೆ ಅದು ಸದ್ದನ್ನು ತಡಮಾಡಬಲ್ಲದೇ ಹೊರತು ಬೇಗ ಮಾಡಲಾರದು. ಆದ್ದರಿಂದ ಮಾತು ಹಿಂದುಳಿದಿದ್ದರೆ ಮೊದಲು ಅದನ್ನು ಸೊನ್ನೆಗೆ ತನ್ನಿ.

ಕಿವಿಯ ಪರೀಕ್ಷೆ

ಸ್ಫೋಟದ ದೃಶ್ಯಗಳಿಂದ ಏನೂ ತಿಳಿಯುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಸುತ್ತಮುತ್ತ ಇರುವ ನಮಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಕೈಗೆಟಕುವಲ್ಲೇ ಇದೆ. ತೆಂಕುತಿಟ್ಟು ಯಕ್ಷಗಾನದ ಒಂದು ಒಳ್ಳೆಯ ಧ್ವನಿಮುದ್ರಣವನ್ನು ಮೊದಲು ಬರೀ ‘ಸ್ಟೀರಿಯೋ’ದಲ್ಲಿ ಕೇಳಿ. ಭಾಗವತರ ಸ್ವರ ಎಡ-ಬಲ ಸ್ಪೀಕರ್‌ಗಳ ನಡುವೆ ಒಂದು ಕಡೆ ಗಟ್ಟಿಯಾಗಿ ನಿಲ್ಲಬೇಕು. ನೆಲೆಯಿಲ್ಲದೆ ಕೋಣೆಯೆಲ್ಲ ಹರಡಿ, ಮದ್ದಳೆಯ ತಗ್ಗು ಪೆಟ್ಟು ಮಾಯವಾಗಿದ್ದರೆ ಒಂದು ಸ್ಪೀಕರಿನ ವಯರ್ ಇನ್ನೂ ತಿರುಗು ಮುರುಗಾಗಿದೆ, ಸೆಲ್ ಹಿಡಿದು ಮತ್ತೆ ಹೋಗಿ. ಆಮೇಲೆ ‘ಆಲ್ ಚಾನೆಲ್ ಸ್ಟೀರಿಯೋ’ ಹಾಕಿದರೆ ಐದೂ ಸ್ಪೀಕರ್‌ಗಳು ಹಾಡುತ್ತವೆ. ಚೆಂಡೆಯ ಉರುಳಿಕೆಯಲ್ಲಿ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಪೆಟ್ಟು ಪೆಟ್ಟೂ ಬಿಡಿಬಿಡಿಯಾಗಿ, ಮೊನಚಾಗಿ ಕೇಳಬೇಕು, ಒಂದು ಕಿವಿಯ ಕಡೆಗೆ ಜಾರಬಾರದು. ಎಡಕ್ಕೆ ಜಾರಿದರೆ ಎಡ ಸರೌಂಡಿನ ದೂರವನ್ನು ಹೆಚ್ಚು ಬರೆದಿದ್ದೀರಿ, ಅದು ಕಾಯಬೇಕಾದಷ್ಟು ಕಾಯುತ್ತಿಲ್ಲ. ದೂರ ಸರಿಯಿದ್ದೂ ಜಾರಿದರೆ ಅದರ ಲೆವೆಲ್ ನೋಡಿ.

ಕೊನೆಗೆ ಎಲ್ಲ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ರಿಸೀವರಿನ ಅಡಿಗೆ ಅಂಟಿಸಿ. ತುಲಾ ಮಾಸದ ಗುಡುಗಿಗೆ ಪ್ಲಗ್ ಕಿತ್ತಿಟ್ಟರೆ ಸಾಮಾನ್ಯವಾಗಿ ಏನೂ ಅಳಿಯುವುದಿಲ್ಲ. ಆದರೆ ಮಕ್ಕಳ ಕೈಗೆ ಸಿಕ್ಕ ರಿಮೋಟ್ ‘ರಿಸೆಟ್’ವರೆಗೂ ಹೋಗಬಲ್ಲದು. ಪೂಜೆಗೋ ಮದುವೆಗೋ ಸೋಫಾ ಅಂಗಳಕ್ಕೆ ಹೋಗಿ ಬಂದರೆ ಅದು ಮೊದಲಿನ ಜಾಗಕ್ಕೇ ಬಂದಿದೆಯೇ ಎಂದು ನೋಡಲು ನೆಲದ ಟೈಲ್ಸಿನ ಸಂದಿಯಲ್ಲಿ ಪೆನ್ಸಿಲಿನಿಂದ ಒಂದು ಗುರುತು ಮಾಡಿಡಿ.